ಮೂಲೆ ಕೂಡಿಸುವ ಗರಗಸ

ಮನುಷ್ಯನಿಗೆ ಹೊಟ್ಟೆಪಾಡಿನ ಕೆಲಸವೊಂದಿದ್ದರೆ ಸಾಲದು, ಮನಸ್ಸಿನ ಸಂತೋಷಕ್ಕಾಗಿ ಮಾಡುವ ಕೆಲಸವೂ ಒಂದಿರಬೇಕು ಎಂದು ದೊಡ್ಡವರು ಹೇಳುತ್ತಾರೆ. ಅದಕ್ಕೆ ಹವ್ಯಾಸವೆಂದು ಹೆಸರು. ನಮ್ಮ ಕಾಲೇಜಿನಲ್ಲಿ ಹವ್ಯಾಸಗಳಿಗೆ ಬರಗಾಲವಿಲ್ಲ. ಅಂಚೆಚೀಟಿ ಕೂಡಿಸುವವರಿದ್ದಾರೆ, ಹಕ್ಕಿಗಳನ್ನು ಹುಡುಕಿಕೊಂಡು ಕೆರೆಯ ಏರಿ ಸುತ್ತುವವರಿದ್ದಾರೆ, ಕವನ ಬರೆಯುವವರಂತೂ ಬೆಂಚಿಗೆ ಇಬ್ಬರಂತೆ ಇದ್ದಾರೆ. ಅದರ ಕಷ್ಟ ಈ ಸಂಚಿಕೆಯ ಸಂಪಾದಕ ಮಂಡಳಿಗೆ ಚೆನ್ನಾಗಿ ಗೊತ್ತು. ನನ್ನ ಹವ್ಯಾಸ ಮರಗೆಲಸ. ಹೀಗೆಂದ ಕೂಡಲೆ, ನನ್ನನ್ನು ಅರಿಯದವರು "ಹೆಣ್ಣುಮಗಳಿಗೆ ಮರಗೆಲಸವೆ?" ಎಂದು ಹುಬ್ಬೇರಿಸುತ್ತಾರೆ. ಅರಿತವರು "ಆಚಾರ್ರ ಮಗಳಲ್ಲವೆ, ಇನ್ನೇನು ಮಾಡಿಯಾಳು!" ಎಂದು ಸುಮ್ಮನಾಗುತ್ತಾರೆ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು, ಕಳೆದ ವರ್ಷ ನಾನೊಂದು ಗರಗಸವನ್ನು ಆರಿಸಿ ಕೊಂಡ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಮರಗೆಲಸ ಮಾಡುತ್ತ ಬಂದವರು. ಅವರು ಓದಿದ್ದು ನಾಲ್ಕನೆಯ ತರಗತಿ. ತಾಯಿಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಹಾಜರಿ ಪುಸ್ತಕ ಸೇರಿದ ಮೊದಲ ಹೆಸರು ನನ್ನದೇ. ನನ್ನನ್ನು ಓದಿಸಲು ಅವರು ಪಟ್ಟ ಪಾಡನ್ನು ಇಲ್ಲಿ ಬಣ್ಣಿಸುವುದಿಲ್ಲ. ಈ ಕಾಲೇಜಿನ ಬಹುಮಂದಿಗೆ ಅದು ಅವರವರ ಮನೆಯ ಮಾತೇ ಆಗಿದೆ. ತಂದೆಯವರ ಆಸೆ ಒಂದೇ: ಮಗಳ ಕೈಯಲ್ಲಿ ಲೇಖನಿ ಇರಬೇಕು, ಉಳಿ ಇರಕೂಡದು. ಆದರೆ ಹಲಸಿನ ಹಲಗೆಯ ವಾಸನೆಯಲ್ಲಿ ಬೆಳೆದ ಮಗುವನ್ನು ಉಳಿಯಿಂದ ದೂರವಿಡುವುದು ಸುಲಭವಲ್ಲ. ಚಿಕ್ಕಂದಿನಲ್ಲಿ ಅವರ ಹತ್ತರಿಯಿಂದ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಸಿಪ್ಪೆಯೇ ನನ್ನ ಬಳೆ, ನನ್ನ ಜುಮುಕಿ. ಪಿ.ಯು.ಸಿ. ಪರೀಕ್ಷೆ ಮುಗಿದ ಬೇಸಗೆಯಲ್ಲಿ, ಅವರು ಕೆಲಸಕ್ಕೆ ಹೋಗಿದ್ದಾಗ, ಮಿಕ್ಕ ತುಂಡುಗಳಿಂದ ಪುಸ್ತಕ ಇಟ್ಟು ಓದುವ ಒಂದು ಪೀಠವನ್ನು ಮಾಡಿದೆ. ಸಂಜೆ ಬಂದು ನೋಡಿದವರು ಅದರ ಕಾಲನ್ನು ಅಲುಗಿಸಿ, "ಗೂಟ ಸಡಿಲ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಬೈಯಲಿಲ್ಲ. ಅದನ್ನೇ ಅನುಮತಿಯೆಂದು ತಿಳಿದು ನಾನು ಮುಂದುವರಿದೆ.

ಪುಸ್ತಕದ ಪೀಠದಿಂದ ಫೋಟೋಗಳಿಗೆ ಕಟ್ಟು ಹಾಕುವ ಕೆಲಸಕ್ಕೆ ಬಂದೆ. ಕಷ್ಟ ಆರಂಭವಾದದ್ದು ಅಲ್ಲಿಂದ. ನಿಮ್ಮ ಮನೆಯ ಗೋಡೆಯ ಮೇಲಿರುವ ಮರದ ಕಟ್ಟೊಂದನ್ನು ಗಮನಿಸಿ ನೋಡಿ. ಅದರಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ಪ್ರತಿಯೊಂದರ ಎರಡು ತುದಿಯನ್ನೂ ನೇರವಾಗಿ ಕೊಯ್ಯದೆ, ಓರೆಯಾಗಿ ೪೫ ಡಿಗ್ರಿಗೆ ಕೊಯ್ದಿರುತ್ತಾರೆ. ಅಂತಹ ಎರಡು ಓರೆಗಳು ಕೂಡಿ ೯೦ ಡಿಗ್ರಿಯ ಒಂದು ಮೂಲೆಯಾಗುತ್ತದೆ. ಈ ಜೋಡಣೆಗೆ ಇಂಗ್ಲಿಷಿನಲ್ಲಿ ಮೈಟರ್ ಎಂದು ಹೆಸರು. ಹೀಗೆ ಕೂಡಿಸಿದಾಗ ಪಟ್ಟಿಯ ಒರಟಾದ ತುದಿ ಎಲ್ಲಿಯೂ ಹೊರಗೆ ಕಾಣುವುದಿಲ್ಲ. ಮರದ ಎಳೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ತಿರುಗಿ ಹರಿದಂತೆ ತೋರುತ್ತದೆ. ನೋಡಲು ಬಹು ಸರಳ. ಮಾಡಲು ಕೂತಾಗ ಅದರ ಮರ್ಮ ತಿಳಿಯುತ್ತದೆ.

ಆ ಮರ್ಮ ಒಂದು ಸಣ್ಣ ಲೆಕ್ಕದಲ್ಲಿದೆ. ಕಲಾವಿಭಾಗದ ಮಿತ್ರರು ಹೆದರಬಾರದು. ಇದು ಹೈಸ್ಕೂಲಿನ ಲೆಕ್ಕ. ನಾಲ್ಕು ಮೂಲೆಗೆ ಎಂಟು ಕೊಯ್ತ. ಪ್ರತಿಯೊಂದು ಕೊಯ್ತದಲ್ಲಿಯೂ ಗರಗಸ ಕೇವಲ ಅರ್ಧ ಡಿಗ್ರಿಯಷ್ಟು ಒಂದೇ ಕಡೆಗೆ ವಾಲಿತೆಂದಿಟ್ಟುಕೊಳ್ಳಿ. ಅರ್ಧ ಡಿಗ್ರಿ ಕಣ್ಣಿಗೆ ಕಾಣುವಂಥದಲ್ಲ. ಆದರೆ ಎಂಟು ಅರ್ಧಗಳು ಕೂಡಿದರೆ ನಾಲ್ಕು ಡಿಗ್ರಿ. ಮೂರು ಮೂಲೆಗಳನ್ನು ಒತ್ತಿ ಹೊಂದಿಸಿದಿರೋ, ಆ ನಾಲ್ಕು ಡಿಗ್ರಿಯೂ ನಾಲ್ಕನೆಯ ಮೂಲೆಗೆ ಹೋಗಿ ಬಾಯಿ ಬಿಡುತ್ತದೆ. ಎರಡು ಅಂಗುಲ ಅಗಲದ ಪಟ್ಟಿಯಾದರೆ ಆ ಬಿರುಕು ಒಂದು ಕೊನೆಯಲ್ಲಿ ಸುಮಾರು ೫ ಮಿಲಿಮೀಟರಿನಷ್ಟಿರುತ್ತದೆ. ಮನೆಯಲ್ಲಿ ಮೂವರು ಹೊಂದಿಕೊಂಡು ತಪ್ಪನ್ನೆಲ್ಲ ನಾಲ್ಕನೆಯವರ ತಲೆಗೆ ಕಟ್ಟಿದಂತೆ! ಚೌಕವಲ್ಲದ ಕಟ್ಟುಗಳಿಗೂ ಇದೇ ನ್ಯಾಯ. ೧೮೦ನ್ನು ಬದಿಗಳ ಸಂಖ್ಯೆಯಿಂದ ಭಾಗಿಸಿದರೆ ಗರಗಸವನ್ನು ಎಷ್ಟು ಡಿಗ್ರಿಗೆ ತಿರುಗಿಸಬೇಕೆಂಬುದು ಬರುತ್ತದೆ: ನಾಲ್ಕು ಬದಿಗೆ ೪೫, ಆರು ಬದಿಗೆ ೩೦, ಎಂಟು ಬದಿಗೆ ೨೨.೫. ಬದಿಗಳು ಹೆಚ್ಚಿದಷ್ಟೂ ಕೊಯ್ತಗಳು ಹೆಚ್ಚುತ್ತವೆ. ಅವುಗಳೊಡನೆ ಕೂಡಿ ಬರುವ ತಪ್ಪೂ ಹೆಚ್ಚುತ್ತದೆ.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೊಂದಿದೆ. ಮೂರು ಹಲಗೆಗಳನ್ನು ಉದ್ದನೆಯ ತೊಟ್ಟಿಯಂತೆ ಕೂಡಿಸಿ, ಅದರ ಎರಡು ಗೋಡೆಗಳಲ್ಲಿ ನೇರಕ್ಕೆ ಒಂದು, ಎಡ ಓರೆಗೆ ಒಂದು, ಬಲ ಓರೆಗೆ ಒಂದು ಸೀಳು ಮಾಡುತ್ತಾರೆ. ಪಟ್ಟಿಯನ್ನು ಒಳಗಿಟ್ಟು, ಸೀಳಿನಲ್ಲಿ ಕೈಗರಗಸವನ್ನು ಆಡಿಸಿದರೆ ೪೫ ಡಿಗ್ರಿ ದೊರೆಯುತ್ತದೆ. ಅಂಗಡಿಯಲ್ಲಿ ಇದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ತಂದೆಯವರು ಮತ್ತಿಮರದಲ್ಲಿ ತಾವೇ ಮಾಡಿಕೊಂಡದ್ದು ಮನೆಯಲ್ಲಿದೆ. ಇದರ ಕೊರತೆಯೆಂದರೆ, ಗರಗಸ ಆಡಿದಂತೆಲ್ಲ ಸೀಳೂ ಸವೆದು ಅಗಲವಾಗುತ್ತದೆ. ಆಗ ಗರಗಸ ಒಳಗೆ ಅತ್ತಿತ್ತ ಓಲಾಡುತ್ತದೆ. ತಂದೆಯವರಿಗೆ ಅದರಿಂದ ಬಾಧಕವಿಲ್ಲ. ಸೀಳು ಎಷ್ಟು ಸಡಿಲವೋ ಅವರ ಮಣಿಕಟ್ಟು ಅಷ್ಟು ಬಿಗಿಯಾಗುತ್ತದೆ. ಅಂತಹ ಮಣಿಕಟ್ಟು ನನಗೆ ಬರಲು ಎಷ್ಟು ಕಾಲ ಬೇಕೆಂದು ಒಂದು ದಿನ ಲೆಕ್ಕ ಹಾಕಿದೆ. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಎಂಟು ಗಂಟೆಯಂತೆ ಮೂವತ್ತು ವರ್ಷ ದುಡಿದರೆ ೭೨,೦೦೦ ಗಂಟೆ. ಭಾನುವಾರಕ್ಕೆ ಎರಡು ಗಂಟೆಯಂತೆ ನನಗೆ ವರ್ಷಕ್ಕೆ ಸಿಗುವುದು ೧೦೪ ಗಂಟೆ. ಭಾಗಿಸಿ ನೋಡಿದರೆ ೬೯೨ ವರ್ಷ! ವಿಜಯನಗರ ಸ್ಥಾಪನೆಯಾದ ೧೩೩೬ರಲ್ಲಿ ಕೈಗರಗಸ ಹಿಡಿದಿದ್ದರೆ ನನ್ನ ಶಿಕ್ಷಣ ಈಗ ಮುಗಿಯುವ ಹಂತಕ್ಕೆ ಬಂದಿರುತ್ತಿತ್ತು. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಈ ಲೆಕ್ಕ ಮನಸ್ಸಿಗೆ ನಾಟಿತು. ಕೈಯಲ್ಲಿ ಇಲ್ಲದ ನೇರವನ್ನು ಯಂತ್ರದಿಂದ ಪಡೆಯದೆ ಗತಿಯಿಲ್ಲ ಎಂದು ನಿಶ್ಚಯಿಸಿದೆ.

ಆ ಯಂತ್ರವೇ ಮೈಟರ್ ಗರಗಸ. ೧೯೨೦ರ ದಶಕದಲ್ಲಿ ರೇಮಂಡ್ ಡಿವಾಲ್ಟ್ ಎಂಬ ಅಮೇರಿಕದವರು, ಮೇಜಿನ ಮೇಲೆ ಚಾಚಿದ ತೋಳಿನಲ್ಲಿ ಮೋಟಾರನ್ನೂ ದುಂಡು ಗರಗಸವನ್ನೂ ತೂಗಹಾಕಿ ಹಲಗೆಗಳನ್ನು ಕೊಯ್ಯುವ ಯಂತ್ರವನ್ನು ಮಾಡಿದ್ದರು. ಅದು ದೊಡ್ಡದು, ಒಂದೆಡೆ ಊರಿದರೆ ಎತ್ತಲು ಬಾರದು. ಎತ್ತಿಕೊಂಡು ಹೋಗಬಹುದಾದ ಮೋಟಾರಿನ ಮೈಟರ್ ಗರಗಸ ಅದೇ ದೇಶದಲ್ಲಿ ೧೯೬೦ರ ದಶಕದಲ್ಲಿ ಬಂತು. ಇದರ ಕೆಲಸ ತಿಳಿಯಲು ಕಷ್ಟವಿಲ್ಲ. ಕೆಳಗೆ ತಿರುಗುವ ಒಂದು ತಟ್ಟೆ, ಅದರ ಅಂಚಿನಲ್ಲಿ ಡಿಗ್ರಿಗಳ ಗುರುತು, ಹಿಂದೆ ಮರವನ್ನು ಒತ್ತಿ ಹಿಡಿಯಲು ಒಂದು ಆಸರೆಪಟ್ಟಿ, ಮೇಲೆ ಬ್ಲೇಡು ಹೊತ್ತ ತೋಳು. ಬೋರ್‌ವೆಲ್ ಪಂಪಿನ ಹಿಡಿಯನ್ನು ಒತ್ತಿದಂತೆ ತೋಳನ್ನು ಕೆಳಗೆ ಒತ್ತಿದರೆ ಮರ ತುಂಡಾಗುತ್ತದೆ. ಮುಖ್ಯವಾದ ಡಿಗ್ರಿಗಳಲ್ಲಿ ತಟ್ಟೆ ತಾನಾಗಿ 'ಟಕ್' ಎಂದು ಕಚ್ಚಿ ನಿಲ್ಲುತ್ತದೆ.

ಸರಿ, ಗರಗಸ ಬೇಕು. ಯಾವುದು? ಇಲ್ಲಿಂದ ನನ್ನ ಸಂಕಟ ಮೊದಲಾಯಿತು. ಬ್ಲೇಡಿನ ಅಳತೆಯಲ್ಲಿಯೇ ೮, ೧೦, ೧೨ ಅಂಗುಲವೆಂದು ಮೂರು ಬಗೆ. ತಟ್ಟೆ ಮಾತ್ರ ತಿರುಗುವುದು ಒಂದು ಬಗೆ. ತಟ್ಟೆಯ ಜೊತೆಗೆ ತಲೆಯೂ ಒಂದು ಪಕ್ಕಕ್ಕೆ ವಾಲುವುದು ಇನ್ನೊಂದು. ಎರಡು ಪಕ್ಕಕ್ಕೂ ವಾಲುವುದು ಮತ್ತೊಂದು. ಇವೆಲ್ಲಕ್ಕೂ ಮೇಲೆ ಸ್ಲೈಡಿಂಗ್ ಎಂಬುದಿದೆ. ಅದರಲ್ಲಿ ತಲೆಯು ಕೊಳವೆಗಳ ಮೇಲೆ ಮುಂದಕ್ಕೂ ಹಿಂದಕ್ಕೂ ಜಾರುವುದರಿಂದ ಸುಮಾರು ೩೦೦ ಮಿಲಿಮೀಟರು, ಎಂದರೆ ಒಂದು ಅಡಿ ಅಗಲದ ಹಲಗೆಯನ್ನು ಒಂದೇ ಸಲಕ್ಕೆ ಕೊಯ್ಯಬಹುದು. ೧೦ ಅಂಗುಲದ ಸಾದಾ ಗರಗಸ ನೇರವಾಗಿ ಸುಮಾರು ೧೩೦ ಮಿಲಿಮೀಟರನ್ನೂ, ೪೫ ಡಿಗ್ರಿಯ ಓರೆಯಲ್ಲಿ ಸುಮಾರು ೯೦ ಮಿಲಿಮೀಟರನ್ನೂ ಮಾತ್ರ ಕೊಯ್ಯುತ್ತದೆ. ಸ್ಲೈಡಿಂಗ್ ಗರಗಸದ ಬೆಲೆ ನನ್ನ ಗಂಟಿನ ಎರಡರಷ್ಟಿತ್ತು. ನನ್ನ ಗಂಟೆಂದರೆ, ವಿದ್ಯಾರ್ಥಿವೇತನದಲ್ಲಿ ಮಿಗಿಸಿದ್ದು ಮತ್ತು ನೆರೆಮನೆಯ ಮಕ್ಕಳಿಗೆ ಎರಡು ವರ್ಷ ಪಾಠ ಹೇಳಿ ಗಳಿಸಿದ್ದು: ಒಟ್ಟು ೧೬,೫೦೦ ರೂಪಾಯಿ.

ಹಣದ ಮಾತು ಬಂದಮೇಲೆ ತಂದೆಯವರಿಗೆ ತಿಳಿಸದೆ ಇರುವಂತಿರಲಿಲ್ಲ. ರಾತ್ರಿ ಊಟವಾದ ಮೇಲೆ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಿದ್ದವರು ತಲೆ ಎತ್ತಲಿಲ್ಲ.

"ಅಲ್ಲ ಕಣವ್ವಾ, ಗರಗಸ ಹಿಡಿಯೋಕೆ ಬಿ.ಎ. ಯಾಕೆ ಬೇಕಿತ್ತು?" ಎಂದರು.

"ಕೂಲಿಗೆ ಹಿಡಿಯೋದಲ್ಲಪ್ಪ."

"ಕೂಲಿ ಇಲ್ಲದೆ ಹಿಡಿಯೋದಕ್ಕೆ ಏನಂತಾರೆ?"

"ಹವ್ಯಾಸ ಅಂತಾರೆ."

"ಹವ್ಯಾಸ ಅಂದ್ರೆ ಈ ಎಲೆಅಡಿಕೆ ಅಂತ ನಾನು ತಿಳ್ಕೊಂಡಿದ್ದೆ" ಎಂದು ಅವರು ನಕ್ಕರು. ಒಡನೆಯೇ ನಗೆ ನಿಂತಿತು. "ನಿಮ್ಮ ಮಾವನ ಕೈ ನೋಡಿದ್ದೀಯಲ್ಲ" ಎಂದು ಎದ್ದುಹೋದರು.

ನಮ್ಮ ಸೋದರಮಾವನೂ ಮರಗೆಲಸದವನೇ. ನಮ್ಮ ಕಡೆ ಬಹಳ ಮಂದಿ ಮರಗೆಲಸದವರು, ಕಲ್ಲು ಕತ್ತರಿಸಲೆಂದು ಮಾಡಿದ ಸಣ್ಣ ಕೈಯಂತ್ರಕ್ಕೆ ಮರದ ಬ್ಲೇಡು ಹಾಕಿ ಬಳಸುತ್ತಾರೆ. ಅಗ್ಗ, ಹಗುರ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅಡ್ಡಿಯಾಗುತ್ತದೆಂದು ಅದರ ಕಾಪನ್ನು ಬಿಚ್ಚಿಡುವುದೂ ಉಂಟು. ಐದು ವರ್ಷಗಳ ಹಿಂದೆ ಒಂದು ಮನೆಯ ಕೆಲಸದಲ್ಲಿ ಆ ಯಂತ್ರ ಹಾರಿ, ಮಾವನ ಎಡಗೈಯ ಎರಡು ಬೆರಳುಗಳ ತುದಿ ಹೋದುವು. ಬಿ.ಎ. ಎಂಬ ಮಾತು ತಂದೆಯವರ ತುಟಿಯಲ್ಲಿತ್ತು. ಮನಸ್ಸಿನಲ್ಲಿದ್ದದ್ದು ಆ ಎರಡು ಬೆರಳು ಎಂಬುದು ಆಗ ನನಗೆ ಹೊಳೆಯಿತು. ಲೇಖನಿ ಹಿಡಿಯಲೆಂದು ಬೆಳೆಸಿದ ಕೈ ಇದು. ಇದಕ್ಕೆ ಏನಾದರೂ ಆದರೆ ಮೂವತ್ತು ವರ್ಷದ ದುಡಿಮೆ ಎಲ್ಲಿಗೆ ಬಂದಂತಾಯಿತು?

ಅವರ ಭಯಕ್ಕೆ ವಾದದಿಂದ ಉತ್ತರ ಕೊಡಲಾಗುವುದಿಲ್ಲ. ಆದ್ದರಿಂದ ನಾನು ಒಂದು ನೋಟ್ ಪುಸ್ತಕ ತೆಗೆದು, ಪರೀಕ್ಷೆಗೆ ಓದುವಷ್ಟೇ ಶ್ರದ್ಧೆಯಿಂದ ನನಗೆ ನಾನೇ ಮೂರು ಪ್ರಶ್ನೆಗಳನ್ನು ಹಾಕಿಕೊಂಡೆ.

ಮೊದಲನೆಯ ಪ್ರಶ್ನೆ: ನಾನು ಕೊಯ್ಯುವುದು ಏನನ್ನು? ಮೂರು ವರ್ಷಗಳಲ್ಲಿ ಮಾಡಿದ ಕಟ್ಟು, ಪೀಠ, ಮಣೆ, ಗೂಡುಗಳನ್ನೆಲ್ಲ ಅಳೆದು ಬರೆದೆ. ಓರೆಯಾಗಿ ಕೊಯ್ದ ಪಟ್ಟಿಗಳಲ್ಲಿ ಅತ್ಯಂತ ಅಗಲವಾದದ್ದು ಮೂರು ಅಂಗುಲ, ಎಂದರೆ ೭೬ ಮಿಲಿಮೀಟರು. ಸಾದಾ ಗರಗಸದ ೯೦ರೊಳಗೆ ಅದು ಹಾಯಾಗಿ ಹಿಡಿಯುತ್ತದೆ. ಎಂದಾದರೊಂದು ದಿನ ಅಡಿ ಅಗಲದ ಹಲಗೆ ಬೇಕಾದರೆ ತಂದೆಯವರ ಕೈಗರಗಸವಿದ್ದೇ ಇದೆ. ಒಂದು ದಿನದ ಹಲಗೆಗಾಗಿ ವರ್ಷವೆಲ್ಲ ಸಾಲ ಹೊರುವುದು ಅರ್ಥಶಾಸ್ತ್ರಕ್ಕೂ ಒಪ್ಪದು, ಅವ್ವನಿಗೂ ಒಪ್ಪದು.

ಎರಡನೆಯ ಪ್ರಶ್ನೆ: ಅದು ಎಲ್ಲಿರಬೇಕು? ನಮ್ಮ ಮನೆಯ ಹಿಂದೆ ಶೀಟು ಹೊದಿಸಿದ ಎಂಟು ಅಡಿಗೆ ಹತ್ತು ಅಡಿಯ ಜಾಗವಿದೆ. ಅದರಲ್ಲಿ ಸೌದೆಗೂ ತಂದೆಯವರ ಸಾಮಾನಿಗೂ ಮೊದಲ ಹಕ್ಕು. ಸ್ಲೈಡಿಂಗ್ ಗರಗಸಗಳಲ್ಲಿ ಅನೇಕವಕ್ಕೆ ಕೊಳವೆ ಹಿಂದಕ್ಕೆ ಚಾಚಲು ಗೋಡೆಯಿಂದ ಅಷ್ಟು ಜಾಗ ಬಿಡಬೇಕು. ೧೨ ಅಂಗುಲದವು ಇಪ್ಪತ್ತೈದು ಕಿಲೋ ತೂಗುವುದೂ ಉಂಟು. ಸಾದಾ ೧೦ ಅಂಗುಲದ್ದು ಅದರ ಅರ್ಧದಷ್ಟಿರುತ್ತದೆ, ಕೆಲಸ ಮುಗಿದಮೇಲೆ ನಾನೊಬ್ಬಳೇ ಎತ್ತಿ ಮೂಲೆಗಿಡಬಹುದು. ಇನ್ನು ವಿದ್ಯುತ್ತು. ೧,೬೫೦ ವಾಟಿನ ಮೋಟಾರು ೨೩೦ ವೋಲ್ಟಿನಲ್ಲಿ ಏಳು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮೊಬೈಲು, ಫ್ಯಾನುಗಳಿಗೆ ಹಾಕುವ ಚಿಕ್ಕ ಪ್ಲಗ್ಗು ಆರು ಆಂಪಿಯರಿನದು. ಅದಕ್ಕೆ ಸಿಕ್ಕಿಸಿದರೆ ಮರಕ್ಕಿಂತ ಮೊದಲು ಪ್ಲಗ್ಗು ಸುಡುತ್ತದೆ. ದಪ್ಪ ತಂತಿ ಎಳೆದು ೧೬ ಆಂಪಿಯರಿನ ಪ್ಲಗ್ಗು ಹಾಕಿಸುವ ಖರ್ಚನ್ನೂ ಗರಗಸದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಮೂರನೆಯ ಪ್ರಶ್ನೆ: ಬೆರಳುಗಳ ಗತಿಯೇನು? ಈ ಗರಗಸದ ಬ್ಲೇಡು ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುತ್ತದೆಂದುಕೊಂಡರೆ, ೧೦ ಅಂಗುಲದ ಬ್ಲೇಡಿನ ಅಂಚಿನ ವೇಗ ಗಂಟೆಗೆ ಸುಮಾರು ೨೪೦ ಕಿಲೋಮೀಟರು. ನಮ್ಮೂರಿನ ಬಸ್ಸಿನ ನಾಲ್ಕರಷ್ಟು. ಆದರೆ ಕೈಯಂತ್ರಕ್ಕೂ ಇದಕ್ಕೂ ಒಂದು ಮುಖ್ಯವಾದ ಅಂತರವಿದೆ. ಕೈಯಂತ್ರವು ಮರದ ಮೇಲೆ ಅಲೆಯುತ್ತದೆ, ಅದರ ಹಿಂದೆ ಕೈಯೂ ಅಲೆಯುತ್ತದೆ. ಮೈಟರ್ ಗರಗಸ ಬರುವುದು ಒಂದೇ ದಾರಿಯಲ್ಲಿ. ಆ ದಾರಿಯಿಂದ ಆರು ಅಂಗುಲ ದೂರದಲ್ಲಿ ಕೈ ಇಟ್ಟರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಅಷ್ಟು ದೂರ ಹಿಡಿಯಲಾಗದ ಚಿಕ್ಕ ತುಂಡನ್ನು ಕ್ಲ್ಯಾಂಪಿನಿಂದ ಬಿಗಿಯಬೇಕು, ಇಲ್ಲವೆ ಕೊಯ್ಯಲೇಬಾರದು. ಮರ ಹಿಂದಿನ ಆಸರೆಪಟ್ಟಿಗೆ ಒತ್ತಿರಬೇಕು. ಕೈಗಳನ್ನು ಕತ್ತರಿಯಂತೆ ಅಡ್ಡ ಹಾಕಬಾರದು. ಬ್ಲೇಡು ಪೂರ್ಣ ವೇಗಕ್ಕೆ ಬಂದಮೇಲೆಯೇ ಇಳಿಸಬೇಕು. ಕೊಯ್ದಾದ ಮೇಲೆ ಗುಂಡಿ ಬಿಟ್ಟು, ಬ್ಲೇಡು ಪೂರ್ತಿ ನಿಂತ ನಂತರ ತೋಳನ್ನು ಎತ್ತಬೇಕು. ಸಡಿಲವಾದ ದುಪ್ಪಟ್ಟಾ, ಕೈಗವಸು, ಬಿಚ್ಚುಗೂದಲು ಅದರ ಹತ್ತಿರ ಕೂಡದು. ಸದ್ದು ನೂರು ಡೆಸಿಬೆಲ್ಲಿನ ಆಸುಪಾಸು ಇರುವುದರಿಂದ ಕಿವಿಗೆ ಮುಚ್ಚಳ ಬೇಕು. ಮೂಗಿಗೂ ಬೇಕು. ಮರದ ಹೊಟ್ಟಿನ ದೂಳು ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೫ರಲ್ಲಿಯೇ ಹೇಳಿದೆ. ಇದನ್ನು ಓದಿದ ದಿನ ನಾನು ಎರಡು ಮುಖಗವಸುಗಳನ್ನು ತಂದೆ. ಒಂದು ನನಗೆ, ಇನ್ನೊಂದು ತಂದೆಯವರ ಚೀಲಕ್ಕೆ.

ಈ ಪುಟಗಳನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಒಂದು ಮಾತೂ ಆಡದೆ ಕೇಳಿದರು. ಎರಡು ದಿನ ಬಿಟ್ಟು, "ನೀನೊಬ್ಬಳೇ ಹೋದ್ರೆ ಏನಾದರೂ ಕಟ್ಟಿ ಕ‌ಳಿಸ್ತಾರೆ. ಶನಿವಾರ ನಾನೂ ಬರ್ತೀನಿ" ಎಂದರು.

ಬೆಂಗಳೂರಿನಲ್ಲಿ ಕೆ.ಆರ್. ಮಾರುಕಟ್ಟೆಯ ಬಳಿಯ ಎಸ್.ಜೆ.ಪಿ. ರಸ್ತೆಯನ್ನು ಕಾಣದವರು ಒಮ್ಮೆ ಕಾಣಬೇಕು. ಬೋಲ್ಟಿನಿಂದ ಮೋಟಾರಿನವರೆಗೆ ಅಲ್ಲಿ ದೊರೆಯದ ಸಾಮಾನಿಲ್ಲ. ಕಾಲಿಡಲು ಜಾಗ ಮಾತ್ರ ದೊರೆಯುವುದಿಲ್ಲ. ಮುಂಜಾನೆಯ ಬಸ್ಸಿಗೆ ಹೊರಟೆವು. ನನ್ನದು ಶಕ್ತಿ ಯೋಜನೆಯ ಉಚಿತ ಟಿಕೆಟು, ತಂದೆಯವರದು ಕಾಸಿನ ಟಿಕೆಟು. "ಓದಿದ್ದಕ್ಕೆ ಇದೊಂದು ಲಾಭ" ಎಂದು ಅವರು ತಮಾಷೆ ಮಾಡಿದರು. ಅವರ ಬಗಲಿನ ಚೀಲದಲ್ಲಿ ಬುತ್ತಿಯ ಪಕ್ಕದಲ್ಲಿ ಹತ್ತರಿ ಹೊಡೆದು ನಯಮಾಡಿದ ಸಿಲ್ವರ್ ಮರದ ಒಂದು ಪಟ್ಟಿಯಿತ್ತು. ಏಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೂರು ಅಂಗಡಿ ನೋಡಿದೆವು. ಎಲ್ಲೆಡೆಯೂ ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದದ್ದು ತಂದೆಯವರಿಗೆ. ಮೊದಲನೆಯ ಅಂಗಡಿಯವರು "ಅಲ್ಯೂಮಿನಿಯಂ ಕಿಟಕಿ ಕೆಲಸವಾ, ಯಜಮಾನ್ರೇ?" ಎಂದು ಕೇಳಿದರು. ಈ ಗರಗಸವನ್ನು ಅವರಲ್ಲಿ ಹೆಚ್ಚಾಗಿ ಕೊಳ್ಳುವವರು ಅಲ್ಯೂಮಿನಿಯಂ ಕಿಟಕಿ ಮಾಡುವವರಂತೆ. ಆದ್ದರಿಂದ ಬ್ಲೇಡನ್ನೂ ಅದಕ್ಕೆ ತಕ್ಕದ್ದನ್ನೇ ಹಾಕಿ ಕೊಡುತ್ತಾರೆ, ನೂರು ಅಥವಾ ಅದಕ್ಕೂ ಹೆಚ್ಚು ಹಲ್ಲಿನದು. ಮರಕ್ಕೆ ಅದು ಹೊಂದುವುದಿಲ್ಲ. ಒರಟು ಕೊಯ್ತಕ್ಕೆ ಇಪ್ಪತ್ತನಾಲ್ಕರಿಂದ ನಲವತ್ತು ಹಲ್ಲು, ಕಟ್ಟಿನಂತಹ ನಯವಾದ ಕೊಯ್ತಕ್ಕೆ ಅರವತ್ತರಿಂದ ಎಂಬತ್ತು ಹಲ್ಲು ಸರಿ. ಮರಕ್ಕೆ ಅರವತ್ತು ಹಲ್ಲಿನ ಬ್ಲೇಡು ಬೇಕೆಂದು ನಾನು ಹೇಳಿದಾಗ ಆತ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

ಮೂರನೆಯ ಅಂಗಡಿಯಲ್ಲಿ ತಂದೆಯವರು ಕೆಲಸಕ್ಕೆ ಕೈಹಾಕಿದರು. ಪ್ಲಗ್ಗು ಹಾಕಿಲ್ಲವೆಂದು ಖಚಿತ ಮಾಡಿಕೊಂಡು, ಮೊದಲು ನೋಡಿದ್ದು ಬ್ಲೇಡಿನ ಕಾಪನ್ನು. ತೋಳನ್ನು ಹತ್ತು ಸಲ ಇಳಿಸಿ ಏರಿಸಿದರು. ಇಳಿಯುವಾಗ ಕಾಪು ತಾನಾಗಿ ಮೇಲೆ ಸರಿಯುತ್ತಿತ್ತು; ಏರುವಾಗ ತಡೆಯಿಲ್ಲದೆ ಬಂದು ಹಲ್ಲುಗಳನ್ನು ಮುಚ್ಚುತ್ತಿತ್ತು. "ಇದು ಸಿಕ್ಕಿಕೊಂಡರೆ ನೀನು ಬೇಸತ್ತು ಬಿಚ್ಚಿಹಾಕ್ತೀಯ. ಸಿಕ್ಕಿಕೊಳ್ಳಬಾರದು" ಎಂದರು. ಇಷ್ಟು ಪುಟ ಬರೆದಿದ್ದ ನನ್ನ ನೋಟ್ ಪುಸ್ತಕದಲ್ಲಿ ಈ ಮಾತು ಇರಲಿಲ್ಲ. ಬಳಿಕ ತೋಳಿನ ತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿದರು. ಪಕ್ಕದಲ್ಲಿ ಅಗ್ಗದ ಸ್ಲೈಡಿಂಗ್ ಗರಗಸವೊಂದಿತ್ತು, ಅದನ್ನೂ ಅಲುಗಿಸಿದರು. ಕೊಳವೆಗಳ ಮೇಲೆ ಅದರ ತಲೆ ಮಿಸುಕಾಡಿತು. ಸಾದಾ ಗರಗಸ ಕದಲಲಿಲ್ಲ.

ಆಮೇಲೆ ಚೀಲದಿಂದ ಪಟ್ಟಿ ಹೊರಗೆ ಬಂತು. ಅಂಗಡಿಯ ಹುಡುಗನಿಂದ ಅದನ್ನು ನೇರವಾಗಿ ಕೊಯ್ಸಿದರು. ಒಂದು ತುಂಡನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಮಗುಚಿ, ಕೊಯ್ದ ತುದಿಗಳನ್ನು ಒಂದಕ್ಕೊಂದು ತಾಗಿಸಿ ಬೆಳಕಿಗೆ ಹಿಡಿದರು. ಕೊಯ್ತ ನೇರವಾಗಿದ್ದರೆ ನಡುವೆ ಬೆಳಕು ತೂರಬಾರದು. ಅರ್ಧ ಡಿಗ್ರಿ ವಾಲಿದ್ದರೆ, ಮಗುಚಿದಾಗ ಅದು ಇಮ್ಮಡಿಸಿ ಒಂದು ಡಿಗ್ರಿಯಾಗಿ ಕಣ್ಣಿಗೆ ಬೀಳುತ್ತದೆ. ನಾನು ಕಾಗದದ ಮೇಲೆ ಕೂಡಿಸಿ ತೋರಿಸಿದ್ದ ತಪ್ಪನ್ನು ಅವರು ಎರಡು ಮರದ ತುಂಡುಗಳಲ್ಲಿ ಹಿಡಿದು ತೋರಿಸಿದರು. ಕೂದಲೆಳೆಯಷ್ಟು ಬೆಳಕು ಕಂಡಿತು. ಅಂಗಡಿಯವರ ಮುಖ ಸಣ್ಣದಾಯಿತು. ತಂದೆಯವರು, "ಇದು ಆಸರೆಪಟ್ಟಿಯ ಬೋಲ್ಟಿನ ತಪ್ಪು, ಬಿಡಿ. ಮನೇಲಿ ಮಟ್ಟ ಇಟ್ಟು ಸರಿಮಾಡಬಹುದು. ತೋಳು ಅಲುಗಾಡಿದ್ದರೆ ಯಾರಿಂದಲೂ ಆಗ್ತಿರಲಿಲ್ಲ" ಎಂದರು. ಅಂಗಡಿಯವರು ಕುರ್ಚಿ ಎಳೆದು ಅವರಿಗೆ ಕೊಟ್ಟು, ಚಹಾ ತರಿಸಿದರು. ನಾನು ನಿಂತೇ ಕುಡಿದೆ.

೧೦ ಅಂಗುಲದ, ಒಂದು ಪಕ್ಕಕ್ಕೆ ವಾಲುವ ಆ ಸಾದಾ ಗರಗಸವನ್ನು ಹನ್ನೆರಡು ಸಾವಿರ ಚಿಲ್ಲರೆಗೆ ಕೊಂಡೆವು. ಮಿಕ್ಕ ಹಣದಲ್ಲಿ ಮರದ ಬ್ಲೇಡು, ಕಿವಿಯ ಮುಚ್ಚಳ, ಕನ್ನಡಕ, ಪ್ಲಗ್ಗಿನ ಕೆಲಸ ಎಲ್ಲವೂ ಆದುವು. ಮರುದಿನ ತಂದೆಯವರು ತಮ್ಮ ಮೂಲೆಮಟ್ಟವನ್ನು ಬ್ಲೇಡಿಗೂ ಆಸರೆಪಟ್ಟಿಗೂ ತಾಗಿಸಿಟ್ಟು, ಬೋಲ್ಟುಗಳನ್ನು ಸಡಿಲಿಸಿ, ಬಿಗಿದು, ಮತ್ತೆ ಕೊಯ್ಸಿ, ಮತ್ತೆ ಮಗುಚಿ, ಬೆಳಕು ಮುಚ್ಚುವವರೆಗೂ ಬಿಡಲಿಲ್ಲ. ಮೊದಲ ಕಟ್ಟಿನ ನಾಲ್ಕನೆಯ ಮೂಲೆ ಕೂಡಿದಾಗ ಅವರು ಉಗುರಿನಿಂದ ಸಂದನ್ನು ಸವರಿ ನೋಡಿದರು. ಹೊಗಳಿಕೆಯಾಗಿ ಬಂದ ಮಾತು ಇಷ್ಟು: "ಬ್ಲೇಡು ದಪ್ಪ. ಎಂಟು ಕೊಯ್ತಕ್ಕೆ ಹತ್ರ ಹತ್ರ ಒಂದು ಅಂಗುಲ ತೇಗ ಹೊಟ್ಟಾಯ್ತು." ಲೆಕ್ಕ ಸರಿಯಾಗಿತ್ತು. ಮೂರು ಮಿಲಿಮೀಟರಿನಂತೆ ಎಂಟಕ್ಕೆ ಇಪ್ಪತ್ತನಾಲ್ಕು.

ಈಗ ಭಾನುವಾರ ಹತ್ತರಿಂದ ಹನ್ನೆರಡು ನನ್ನ ವೇಳೆ. ಪಕ್ಕದ ಮನೆಯ ಹಸುಗೂಸು ಮಲಗುವುದು ಹನ್ನೆರಡರ ಮೇಲೆ. ಈ ಒಪ್ಪಂದವನ್ನು ಅವ್ವ ಮಾಡಿಕೊಟ್ಟಿದ್ದಾರೆ. ತಂದೆಯವರು ಭಾನುವಾರ ಮನೆಯಲ್ಲಿದ್ದರೆ ಬಾಗಿಲ ಬಳಿ ಕುಳಿತು ಪತ್ರಿಕೆ ನೋಡುತ್ತಾರೆ. ಗರಗಸದ ಸದ್ದು ನಿಂತಾಗಲೆಲ್ಲ ಪುಟ ತಿರುಗಿಸುವ ಸದ್ದೂ ನಿಲ್ಲುತ್ತದೆ. ಅವರು ನನ್ನ ಕೈಗಳನ್ನು ನೋಡುತ್ತಿರುತ್ತಾರೆಂದು ನನಗೆ ಗೊತ್ತು. ಆಮೇಲೆ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: "ಬಿ.ಎಡ್. ಅರ್ಜಿ ಯಾವಾಗ ಕರೀತಾರೆ?"

ಅರ್ಜಿ ಹಾಕುತ್ತೇನೆ. ಅವರು ಇಟ್ಟುಕೊಂಡ ಆಸೆ ನನ್ನ ಆಸೆಯೂ ಹೌದು. ಕೂಲಿಗೆ ಗರಗಸ ಹಿಡಿದವರಿಗೆ ದಿನಕ್ಕೆ ಎಷ್ಟು ಕಿಟಕಿ ಮುಗಿಯಿತೆಂಬುದರ ಮೇಲೆ ಸಂಜೆಯ ಅಕ್ಕಿ ನಿಂತಿರುತ್ತದೆ. ಅವರು ಬೇಗ ಕೊಯ್ಯುವ ಯಂತ್ರವನ್ನೇ ಆರಿಸಬೇಕಾಗುತ್ತದೆ, ಕಾಪು ಅಡ್ಡಬಂದರೆ ಬಿಚ್ಚಬೇಕಾಗುತ್ತದೆ. ಒಂದು ಮೂಲೆಗೆ ಒಂದು ಬೆಳಗನ್ನೇ ಕೊಡುವ ಅವಕಾಶ ನನಗಿದ್ದರೆ, ಅದು ತಂದೆಯವರು ನನ್ನನ್ನು ಓದಿಸಿದ್ದರಿಂದ ಬಂದದ್ದು. ಹವ್ಯಾಸವೆಂಬುದು ಅವರ ದುಡಿಮೆ ನನಗೆ ಕೊಟ್ಟ ಬಿಡುವು. ನಮ್ಮ ತರಗತಿಯಲ್ಲಿ ನೇಕಾರರ ಮಕ್ಕಳಿದ್ದಾರೆ, ಕುಂಬಾರರ, ಚಮ್ಮಾರರ, ಒಕ್ಕಲಿಗರ ಮಕ್ಕಳಿದ್ದಾರೆ. ಮನೆಯ ಹಿಂದೆ ಮೂಲೆಗಿಟ್ಟ ಒಂದೊಂದು ಉಪಕರಣ ಅವರಲ್ಲಿಯೂ ಇದ್ದೇ ಇರುತ್ತದೆ. ಪರೀಕ್ಷೆಗಳು ಮುಗಿದಮೇಲೆ ಒಂದು ಭಾನುವಾರ ಅದನ್ನು ಹೊರಗೆ ತೆಗೆದು ನೋಡುವುದರಿಂದ ನಷ್ಟವೇನೂ ಇಲ್ಲ. ಹೊಸದು ಕೊಳ್ಳುವುದಾದರೆ ಮಾತ್ರ, ಅಂಗಡಿಗೆ ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ನೋಟ್ ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಅವರ ಚೀಲದಲ್ಲಿರುತ್ತದೆ.

ಕೊನೆಯದಾಗಿ ಒಂದು ಪ್ರಕಟಣೆ. ನಮ್ಮ ಇತಿಹಾಸ ವಿಭಾಗದ ಸೂಚನಾಫಲಕದ ಕಟ್ಟು ನಾಲ್ಕು ಮೂಲೆಯಲ್ಲಿಯೂ ಬಿಟ್ಟುಕೊಂಡು, ಹಾಜರಿ ಕಡಿಮೆಯಿರುವವರ ಪಟ್ಟಿ ಗಾಳಿಗೆ ಹಾರಿಹೋಗುತ್ತಿದ್ದದ್ದನ್ನು ಎಲ್ಲರೂ ಬಲ್ಲರು. ಕೆಲವರು ಅದರಿಂದ ಸಂತೋಷಪಟ್ಟದ್ದೂ ಉಂಟು. ವಿಭಾಗದ ಮುಖ್ಯಸ್ಥರು ಅದಕ್ಕೆ ಹೊಸ ಕಟ್ಟು ಹಾಕುವ ಕೆಲಸವನ್ನು ನನಗೆ ವಹಿಸಿದ್ದಾರೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಅದು ಗೋಡೆಯ ಮೇಲಿರುತ್ತದೆ. ಯಾವುದಾದರೂ ಮೂಲೆಯಲ್ಲಿ ಬಿರುಕು ಕಂಡರೆ ದಯವಿಟ್ಟು ನನಗೆ ತಿಳಿಸಿ. ವಾರ್ಷಿಕೋತ್ಸವಕ್ಕೆ ನಮ್ಮ ತಂದೆಯವರು ಬಂದಾಗ ಅವರಿಗೆ ಮಾತ್ರ ತೋರಿಸಬೇಡಿ.